ಗೋಡೆಯಾಚೆಯ ಮೀನು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮನೆಗೆ ಮೀನಿನ ತೊಟ್ಟಿ ತಂದ ದಿನ ನನಗೆ ಸಿಟ್ಟೇನೂ ಬರಲಿಲ್ಲ. ನಾಲ್ಕು ವಾರದ ಶೋಕಿ, ಐದನೇ ವಾರ ನೀರು ನಾರುತ್ತದೆ, ಆರನೇ ವಾರ ಅದರಲ್ಲಿ ಜೋಳ ತುಂಬಿಡುತ್ತಾಳೆ ಎಂದುಕೊಂಡೆ. ಸಿಟ್ಟು ಬಂದದ್ದು ಏಳನೇ ವಾರ. ಒಂದು ಸಂಜೆ ಮೆಂತೆಪಲ್ಲೆಯ ಕಟ್ಟು ಬಿಚ್ಚಿ, ಮೊರ ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತೆ. ಅತ್ತೆ ಬರಲಿಲ್ಲ.

ನಮ್ಮದು ಅಥಣಿಯಲ್ಲಿ ಹಳೆಯ ಮನೆ, ಐಗಳಿ ದಾರಿಯಲ್ಲಿ ದ್ರಾಕ್ಷಿ ತೋಟ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಜಗಳವಿಲ್ಲದೆ ಪಾಲಾದರು. ಮನೆಯ ನಡುವೆ ಇಟ್ಟಿಗೆಯ ಒಂದು ಗೋಡೆ ಎದ್ದಿತು. ಅಂಗಳ ಮಾತ್ರ ಒಂದೇ ಉಳಿಯಿತು. ಹೊಲ, ದನ, ಹಂಡೆ, ಕೊಡ ಎಲ್ಲವೂ ಹಂಚಿಕೆಯಾದ ಮೇಲೆ ಹಿರಿಯರೊಬ್ಬರು ಅತ್ತೆಯನ್ನು ಕೇಳಿದ್ದರು, "ನೀವ್ ಯಾರ ಕಡೆ ಇರ್ತೀರಿ?" ಅತ್ತೆ ತಡಮಾಡದೆ ಹೇಳಿದರು, "ನಾ ಹಿರೇ ಸೊಸಿ ಕಡೆ ಉಣ್ತೀನಿ." ಹಂಡೆ ಯಾರಿಗೆ ಹೋಯಿತೆಂದು ನನಗೆ ಈಗ ನೆನಪಿಲ್ಲ. ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ನನ್ನ ತಾಯಿ ನಾನು ಹತ್ತನೇ ಇಯತ್ತೆಯಲ್ಲಿದ್ದಾಗಲೇ ಹೋದಳು. ಮದುವೆಯಾಗಿ ಬಂದಾಗ ನನಗೆ ಪಲ್ಲೆ ಸೋಸುವುದೂ ಸರಿಯಾಗಿ ಬರುತ್ತಿರಲಿಲ್ಲ; ಕಡ್ಡಿ ಉಳಿಸಿ ಎಲೆ ಚೆಲ್ಲುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಕಲಿಸಿದರು. ಕಲಿತ ಮೇಲೂ ಕೂರುವುದು ನಿಲ್ಲಲಿಲ್ಲ. ಸಂಜೆ ಐದಕ್ಕೆ ಮೊರ, ಚಾಪೆ, ನಾವಿಬ್ಬರು. ಅವರ ತವರು ಸತ್ತಿ ಎಂಬ ಹೊಳೆದಂಡೆಯ ಊರು. ಕೃಷ್ಣೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಮೀನುಮರಿಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದುದನ್ನು, ಯಾರೋ ಯಾರದೋ ಹಿಂದೆ ಓಡಿಹೋದದ್ದನ್ನು, ಮಾವ ಮದುವೆಗೆ ಮೊದಲು ಅವರನ್ನು ನೋಡಲು ಎತ್ತು ಕೊಳ್ಳುವ ನೆವದಲ್ಲಿ ಬಂದದ್ದನ್ನು ಅವರು ಎಲೆ ಬಿಡಿಸುತ್ತಲೇ ಹೇಳುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಒಂದೊಂದು ಕತೆಯನ್ನೂ ಹತ್ತು ಸಲ ಕೇಳಿದ್ದೇನೆ. ಆ ಎರಡು ತಾಸು ನನ್ನದಾಗಿತ್ತು. ಅದನ್ನು ಯಾರಿಗೂ ಪಾಲು ಕೊಡುವ ಮನಸ್ಸು ನನಗಿರಲಿಲ್ಲ.

ಅವತ್ತು ಅತ್ತೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ.

"ಎಲ್ಲಿ ಹೋಗಿದ್ರಿ ಅತ್ತಿ?"

"ಅಲ್ಲೇ ಸಣ್ಣಾಕಿ ಕಡೆ. ಮೀನ ನೋಡಕೋತ ಕುಂತಿದ್ದೆ. ಏನ ಛಂದ ಆಡ್ತಾವ ಬೇ ಅವು!"

ಪಲ್ಲೆ ಅಷ್ಟರಲ್ಲಿ ನಾನೊಬ್ಬಳೇ ಸೋಸಿ ಮುಗಿಸಿದ್ದೆ. ಮರುದಿನವೂ ಅದೇ ಆಯಿತು. ಮೂರನೇ ದಿನ ಹೆಪ್ಪಿಗೆ ಮೊಸರು ಕೇಳುವ ನೆವ ಮಾಡಿಕೊಂಡು ಬಟ್ಟಲು ಹಿಡಿದು ಗೋಡೆಯ ಆಚೆಗೆ ಹೋದೆ. ನಮ್ಮ ಮನೆಯಲ್ಲಿ ಮೊಸರು ಗಡಿಗೆಯ ತುಂಬ ಇತ್ತು.

ತೊಟ್ಟಿ ಚೆನ್ನಾಗಿತ್ತು. ಹಾಳಾಗಿ ಹೋಗಲಿ, ಚೆನ್ನಾಗಿಯೇ ಇತ್ತು. ನಾನು ಪ್ಲಾಸ್ಟಿಕ್ ಹೂವು, ಬಾಯಿ ತೆರೆದು ಮುಚ್ಚುವ ಗೊಂಬೆ ಇರುತ್ತದೆಂದು ಎಣಿಸಿದ್ದೆ. ಒಂದೂ ಇರಲಿಲ್ಲ. ಎಲ್ಲವೂ ಜೀವಂತ ಗಿಡ. ಹಿಂದೆ ಪಟ್ಟಿಯಂಥ ಉದ್ದ ಎಲೆಗಳು, ನಡುವೆ ಕಟ್ಟಿಗೆಗೆ ದಾರದಿಂದ ಕಟ್ಟಿದ ದಪ್ಪ ಎಲೆಯ ಗಿಡ, ಮುಂದೆ ಹುಲ್ಲಿನಂಥದ್ದೇನೋ. ಮೇಲಿನ ಬೆಳಕು ಬಿದ್ದು ಎಲ್ಲ ಹಸಿರಾಗಿ ಹೊಳೆಯುತ್ತಿತ್ತು. ಕೆಂಪು ಬಾಲದ ಸಣ್ಣ ಮೀನುಗಳು ಎಲೆಯೊಳಗೆ ಹೊಕ್ಕು ಹೊರಗೆ ಬರುತ್ತಿದ್ದವು. ಎದುರಿಗೆ ಕುರ್ಚಿ ಹಾಕಿಕೊಂಡು ಅತ್ತೆ ಕುಳಿತಿದ್ದರು. ಕೈಯಲ್ಲಿ ಚಹಾ. ನಗುತ್ತಿದ್ದರು. ಹೆಪ್ಪಿನ ಬಟ್ಟಲನ್ನು ಅಲ್ಲೇ ಕುಕ್ಕಿ ಇಟ್ಟೆ.

ನೆಗೆಣ್ಣಿ ನಿಪ್ಪಾಣಿಯವಳು. ನನಗಿಂತ ಹನ್ನೆರಡು ವರ್ಷ ಸಣ್ಣವಳು, ಮಾತಿನಲ್ಲಿ ಅರ್ಧ ಮರಾಠಿ, ಮೈಯಲ್ಲಿ ಒಂದಿಷ್ಟೂ ಗಡಿಬಿಡಿಯಿಲ್ಲ. "ಸಾವಕಾಶ ಮಾಡಬೇಕ್ರಿ ಅಕ್ಕಾ," ಎಂದು ಕೇಳದಿದ್ದರೂ ಹೇಳತೊಡಗಿದಳು. "ಮೊದಲ ಗಿಡಾ ಹಚ್ಚಬೇಕು, ನೀರ ಹಳೀದ ಆಗಾಕ ಬಿಡಬೇಕು, ಆಮ್ಯಾಲ..." ನಾನು ಕೇಳಿಸಿಕೊಳ್ಳಲಿಲ್ಲ. ಅವಳಿಂದ ಕಲಿತು ಅವಳನ್ನು ಗೆಲ್ಲುವುದು ನನ್ನ ಮಾನಕ್ಕೆ ಕಡಿಮೆ. ಅವಳು ಮೊಸರು ತರಲು ಒಳಗೆ ಹೋದಾಗ ತೊಟ್ಟಿಯನ್ನು ಗೇಣಿನಲ್ಲಿ ಅಳೆದೆ. ಎರಡು ಅಡಿ ಇತ್ತು.

"ಏನ ಅಳ್ಯಾಕತ್ತಿ?" ಎಂದರು ಅತ್ತೆ.

"ಧೂಳ ಐತ್ರಿ, ಒರಸಾಕತ್ತೀನಿ," ಎಂದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ, ನಮಗೂ ಒಂದು ತೊಟ್ಟಿ ಬೇಕು, ಎರಡೂವರೆ ಅಡಿಯದು. ಅವರು ನಕ್ಕರು. "ಹುಲಿ ಬಣ್ಣಾ ನೋಡಿ ನರಿ ಮೈ ಸುಟ್ಕೊಂಡಿತ್ತಂತ."

"ನರಿ ಅಂದ್ರ ನಾನೇನ್ರಿ?"

"ಮೈ ಸುಟ್ಟ ಮ್ಯಾಲ ಗೊತ್ತಾಗ್ತೈತಿ."

ಆ ವಾರ ಚಿಕ್ಕೋಡಿಯಲ್ಲಿ ಸಂಬಂಧಿಕರ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಊಟವಿತ್ತು. ಊಟ ಮುಗಿಸಿ ಗಂಡನನ್ನು ಎಳೆದುಕೊಂಡೇ ಮೀನಿನ ಅಂಗಡಿಗೆ ಹೋದೆ. ತೊಟ್ಟಿ, ದೀಪ, ನೀರು ಸೋಸುವ ಫಿಲ್ಟರ್, ಗಿಡಗಳು, ಹತ್ತು ಗಪ್ಪಿ ಮೀನು. ಅಂಗಡಿಯವನು ಮೀನು ಕೊಡಲು ಒಪ್ಪಲಿಲ್ಲ.

"ವೈನಿ, ನೀರ ತುಂಬಿ ಮೂರ ವಾರ ಸುಮ್ನ ಬಿಡ್ರಿ. ಗಿಡಾ ಬೇರ ಹಿಡೀಲಿ. ಆಮ್ಯಾಲ ಬಂದ ಮೀನ ಒಯ್ರಿ."

"ಖಾಲಿ ನೀರ ನೋಡಾಕ ಯಾರ ಬರ್ತಾರ್ರಿ?" ಎಂದೆ.

ಅವನಿಗೆ ನನ್ನ ಸಂಕಟ ಏನು ಗೊತ್ತು? ಕೊನೆಗೆ ಮೀನು ಕೊಟ್ಟ. ಗಿಡಕ್ಕೆಂದು ಚೀಲದ ಮಣ್ಣೊಂದನ್ನು ಮುಂದಿಟ್ಟ. ಅದಕ್ಕೆ ಮಾತ್ರ ನನಗೆ ನಗು ಬಂತು. ದ್ರಾಕ್ಷಿ ಬೆಳೆಯುವವರು ಚಿಕ್ಕೋಡಿಯಿಂದ ಮಣ್ಣು ಕೊಂಡು ಒಯ್ಯುವುದೇ? ದ್ರಾಕ್ಷಿ ಪೆಟ್ಟಿಗೆಗೆ ಹಾಸುವ ಕಾಗದದಲ್ಲಿ ತೊಟ್ಟಿಯನ್ನು ಸುತ್ತಿ ಪಿಕಪ್ಪಿನ ಹಿಂದೆ ಇಟ್ಟು, ನಾನೂ ಅದರ ಪಕ್ಕದಲ್ಲೇ ಕೂತು ಅಥಣಿಗೆ ಬಂದೆ. ಕುಬಸದ ರೇಷ್ಮೆ ಸೀರೆ ಹಾಳಾಯಿತು.

ಮರುದಿನ ತೋಟದಿಂದ ಮಣ್ಣು ತಂದೆ. ಎಲ್ಲಕ್ಕಿಂತ ಚೆನ್ನಾಗಿ ಕಾಯಿ ಬಿಡುವ ಸಾಲಿನ ಬುಡದ ಮಣ್ಣು. ಬಳ್ಳಿ ಕತ್ತರಿಸುವ ಚಾಟ್ನಿ ಆಗತಾನೆ ಮುಗಿದಿತ್ತು; ಬುಡ ಬಿಡಿಸಿ, ತಿಪ್ಪೆಗೊಬ್ಬರ, ಡಿಎಪಿ ಎಲ್ಲ ಕೊಟ್ಟು ಮುಚ್ಚಿದ್ದೆವು. ಹೊಟ್ಟೆ ತುಂಬಿದ ಮಣ್ಣು. ಅದನ್ನು ತೊಟ್ಟಿಯ ತಳಕ್ಕೆ ನಾಲ್ಕು ಬೆರಳು ಹಾಸಿ, ಮೇಲೆ ಹೊಳೆಯ ಉಸುಕು ತೊಳೆದು ಹರಡಿದೆ. ಗೋಡೆಯಾಚೆಯವಳು ತೊಟ್ಟಿ ತಂದಾಗ ಎಷ್ಟು ದಿನ ಮಾಡಿದ್ದಳೋ, ನಾನು ಒಂದೇ ದಿನದಲ್ಲಿ ಮುಗಿಸಬೇಕೆಂದು ಹಟ ಹಿಡಿದೆ.

ಗಿಡ ನೆಡುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಸಾವಿರ ಬಳ್ಳಿ ನೆಟ್ಟ ಕೈ ನನ್ನದು. ಆದರೆ ನೀರಿನೊಳಗೆ ಒಂದು ಕಡ್ಡಿ ಊರಿ ಕೈ ತೆಗೆದರೆ ಅದು ಮೇಲೆ ತೇಲಿ ಬರುತ್ತಿತ್ತು. ಹೊಸದಾಗಿ ಬಂದ ಸೊಸೆ ತವರಿಗೆ ಹೊರಟಂತೆ, ಹಿಡಿದು ಕೂರಿಸಿದರೂ ಮತ್ತೆ ಎದ್ದು ಹೊರಡುತ್ತಿತ್ತು. ತಲೆಗೂದಲ ಪಿನ್ನು ತೆಗೆದು ಅದರಿಂದ ಒತ್ತಿ ಒತ್ತಿ ಕೂರಿಸಿದೆ. ಕಿತ್ತುಹಾಕಿದ ಹಳೆಯ ದ್ರಾಕ್ಷಿ ಬೊಡ್ಡೆಯೊಂದನ್ನು ಕುದಿಸಿ ತೊಳೆದು, ಅದಕ್ಕೊಂದು ಗಿಡ ಕಟ್ಟಿ ನಡುವೆ ಇಟ್ಟೆ. ಎದುರುಮನೆಯಲ್ಲಿ ಭಾಭಿ ಇದ್ದಾಳೆ, ಬ್ಲೌಸು ಹೊಲಿಯುವವಳು. ಅವಳಿಂದ ಬುರ್ಖಾದ ಕರಿ ಬಟ್ಟೆಯ ತುಂಡು ತಂದು ಹಿಂಬದಿಯ ಗಾಜಿಗೆ ಅಂಟಿಸಿದೆ. ನೆಗೆಣ್ಣಿಯ ತೊಟ್ಟಿಗೆ ಹಿಂದೆ ಬಟ್ಟೆ ಇರಲಿಲ್ಲ.

ಒಂದೇ ಅಂಗಳದ ಮನೆಯಲ್ಲಿ ಗುಟ್ಟು ಎಷ್ಟು ದಿನ? ಉಸುಕು ತೊಳೆದ ನೀರು ಅಂಗಳದಲ್ಲಿ ಹರಿದದ್ದೇ ಅವಳು ಬಂದಳು. "ತೊಟ್ಟಿ ತಂದೀರೇನ್ರಿ ಅಕ್ಕಾ? ನನ್ನ ಕಡೆ ಗಿಡದ ತುಂಡ ಭಾಳ ಅದಾವ, ಬೇಕೇನ್ರಿ?"

"ಬ್ಯಾಡ ತಂಗಿ. ನನ್ನ ಕಡೆ ಎಲ್ಲಾ ಐತಿ."

ಅಂದು ಸಂಜೆ ದೀಪ ಹಚ್ಚಿ, ತೊಟ್ಟಿಯ ಎದುರಿಗೆ ಅತ್ತೆಗೆ ಮೆತ್ತೆ ಹಾಸಿದೆ. ಬಂದು ಕುಳಿತರು. ನನಗೆ ಅಂದು ಊಟವೇ ಬೇಡವಾಯಿತು. ಎರಡನೇ ದಿನವೂ ಬಂದರು. ಮೂರನೇ ದಿನ ಮೂಗಿನ ಮೇಲೆ ಕನ್ನಡಕ ಏರಿಸಿ ಬಗ್ಗಿ ನೋಡಿ, "ಇವು ಯಾಕೋ ಸುಸ್ತ ಅದಾವಲ್ಲ ಬೇ?" ಎಂದರು. ನಾನೂ ನೋಡಿದೆ. ಗಿಡದ ಎಲೆಗಳ ಅಂಚು ಹಳದಿಯಾಗಿತ್ತು. ನಾಲ್ಕನೇ ದಿನ ಅತ್ತೆ ಸೆರಗು ಸರಿಮಾಡಿಕೊಂಡು ಗೋಡೆಯಾಚೆಗೆ ಹೋದರು.

ಬಳ್ಳಿ ಹಳದಿಯಾದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ತೋಟದ ಔಷಧಿ ಗೊಬ್ಬರದ ಲೆಕ್ಕವೆಲ್ಲ ನನ್ನ ಕೈಯಲ್ಲೇ ಇರುವುದು. ಗಂಡನೇ ನನ್ನನ್ನು ಕೇಳಿ ಹಾಕುತ್ತಾರೆ. ಹನಿ ನೀರಿನ ಪೈಪಿನಲ್ಲಿ ಬಿಡುವ ಹತ್ತೊಂಬತ್ತು-ಹತ್ತೊಂಬತ್ತು ಗೊಬ್ಬರದ ಚೀಲ ಕೋಣೆಯಲ್ಲಿತ್ತು. ನೀರಿನಲ್ಲಿ ಕರಗುತ್ತದೆ, ನಾಲ್ಕು ದಿನದಲ್ಲಿ ಎಲೆ ಕಪ್ಪು ಹಸಿರಾಗುತ್ತದೆ. ಒಂದು ಚಮಚ ತೊಟ್ಟಿಗೆ ಹಾಕಿದೆ. ಕದಡಿ ನೋಡಿದೆ. ಕಡಿಮೆಯಾಯಿತೇನೋ ಎನಿಸಿ ಇನ್ನೊಂದು ಚಮಚ ಹಾಕಿದೆ. ಅದರೊಳಗೆ ಮೀನುಗಳೂ ಇವೆ ಎಂಬುದು ನನ್ನ ತಲೆಗೆ ಬರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಆದರೆ ನಿಜ. ನನ್ನ ಕಣ್ಣಿಗೆ ಎಲೆ ಕಾಣುತ್ತಿತ್ತು, ಎಲೆಯ ಆಚೆ ನೆಗೆಣ್ಣಿಯ ತೊಟ್ಟಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೊಟ್ಟೆ ಮೇಲಾಗಿದ್ದವು. ಸತ್ತ ಮೀನನ್ನು ಎಲೆಯಲ್ಲಿ ಸುತ್ತಿ ಕರಿಬೇವಿನ ಬುಡದಲ್ಲಿ ಹೂಳುವಾಗ ಅಂಗಳದಲ್ಲಿ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡೆ. ಮತ್ತೆ ಮೂರು ಸತ್ತವು. ಉಳಿದ ಮೂರನ್ನು ನೋಡುತ್ತಾ ನಿಂತೆ. ಅವು ನನ್ನನ್ನು ನೋಡಿ ಬಾಯಿ ತೆರೆಯುತ್ತಿದ್ದವು ಎನಿಸಿತು. ನಾನು ಅಳತೊಡಗಿದೆ. ಸೀದಾ ಗೋಡೆಯಾಚೆಗೆ ಹೋಗಿ ಬಾಗಿಲಲ್ಲಿ ನಿಂತು, "ಏ ತಂಗಿ, ಸ್ವಲ್ಪ ಬಾ," ಎಂದೆ.

ಅವಳು ಹಿಟ್ಟಿನ ಕೈಯಲ್ಲೇ ಬಂದಳು. ನೀರಿಗೆ ಮೂಗು ಹಚ್ಚಿದಳು.

"ಏನ ಹಾಕೀರ್ರಿ ಅಕ್ಕಾ?"

"ಏನೂ ಇಲ್ಲ."

ಚೀಲ ಅಲ್ಲೇ ತೊಟ್ಟಿಯ ಕೆಳಗೆ ಬಾಯಿ ತೆರೆದು ಬಿದ್ದಿತ್ತು, ಒಳಗೆ ಚಮಚವೂ ಇತ್ತು. ಅವಳು ಅದನ್ನು ನೋಡಿದಳು. ನಗುತ್ತಾಳೆ ಎಂದು ಕಾದೆ. ನಕ್ಕಿದ್ದರೆ ಒಳ್ಳೆಯದಿತ್ತು, ಬೈಯಬಹುದಿತ್ತು. ಅವಳು ನಗಲಿಲ್ಲ. ಮನೆಗೆ ಓಡಿ ಹೋಗಿ ಬಕೆಟ್ಟಿನಲ್ಲಿ ತನ್ನ ತೊಟ್ಟಿಯ ನೀರನ್ನೇ ತಂದು ಮೂರು ಮೀನುಗಳನ್ನು ಅದರಲ್ಲಿ ಬಿಟ್ಟಳು. ನಾವಿಬ್ಬರೂ ಸೇರಿ ನನ್ನ ತೊಟ್ಟಿಯನ್ನು ಬರಿದು ಮಾಡಿದೆವು. ಉಸುಕು ತೆಗೆದಾಗ ಕೆಳಗಿನ ಮಣ್ಣು ಗುಳುಗುಳು ಎಂದು ಕೊಳೆತ ನಾತ ಬಿಟ್ಟಿತು. ತಿಪ್ಪೆಯನ್ನೇ ಮನೆಯೊಳಗೆ ತಂದು ಗಾಜಿನಲ್ಲಿ ಇಟ್ಟುಕೊಂಡಿದ್ದೆ. ಮಣ್ಣನ್ನೆಲ್ಲ ಕೆದಕಿ ತೆಗೆದು, ಬರೀ ಉಸುಕಿನಲ್ಲಿ ಗಿಡ ಮತ್ತೆ ನೆಟ್ಟು ಹೊಸ ನೀರು ತುಂಬಿದೆವು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನನ್ನ ಜೀವ ಹಾರಿತು. ತನ್ನ ಫಿಲ್ಟರಿನೊಳಗಿನ ಸ್ಪಂಜು ತಂದಳು. ತಿಂಗಳುಗಟ್ಟಲೆ ತೊಳೆಯದ, ಕಂದು ಲೋಳೆ ಹಿಡಿದ ಸ್ಪಂಜು. ಅದನ್ನು ನನ್ನ ಹೊಸ ನೀರಿಗೆ ಗಟ್ಟಿಯಾಗಿ ಹಿಂಡಿದಳು. ನೀರೆಲ್ಲ ರಾಡಿಯಾಯಿತು. ಅವಳ ಮುಂಗೈ ಹಿಡಿದೆ.

"ನಿನ್ನ ಹೊಲಸೆಲ್ಲಾ ನನ್ನ ತೊಟ್ಟ್ಯಾಗ ಯಾಕ ಹಿಂಡಾಕತ್ತಿ?"

"ಇದು ಹೆಪ್ಪರಿ ಅಕ್ಕಾ," ಎಂದಳು. "ಮೀನಿನ ಹೊಲಸ ತಿನ್ನೂ ಹುಳ ಇದರಾಗ ಇರ್ತಾವ. ಕಣ್ಣಿಗಿ ಕಾಣೂದಿಲ್ಲ. ಹಾಲಿಗಿ ಹೆಪ್ಪ ಹಾಕಿದಂಗ. ನೀರ ಹಳೀದ ಆಗಬೇಕಂದ್ರ ಇದ ಬೇಕು."

ಕೈ ಬಿಟ್ಟೆ. ಅಂದು ಹೆಪ್ಪಿನ ನೆವ ಮಾಡಿ ಅವಳ ಮನೆಗೆ ಹೋದದ್ದು ನೆನಪಾಯಿತು. ಅವಳು ಇನ್ನೊಮ್ಮೆ ಸ್ಪಂಜು ಹಿಂಡಿ, ನನ್ನ ಕಡೆ ನೋಡದೆ ಹೇಳಿದಳು, "ನಾ ಮೀನ ಯಾಕ ತಂದೆ, ಗೊತ್ತೈತೇನ್ರಿ ನಿಮಗ?"

"ಶೋಕಿಗೆ."

"ಗ್ವಾಡಿ ಕಟ್ಟಿದ ಮ್ಯಾಲ ಅತ್ತಿ ಒಂದ ದಿನಾನೂ ನನ್ನ ಮನ್ಯಾಗ ಕುಂತಿದ್ದಿಲ್ರಿ. ದಿನಾ ಸಂಜಿಕ ನೀವಿಬ್ಬರೂ ನಗೂದು ಕೇಳತಿತ್ತು. ನಾ ಆ ಕಡೆ ಒಬ್ಬಾಕಿನ ರೊಟ್ಟಿ ಬಡೀತಿದ್ದೆ. ಏನಾರ ತಂದ್ರ ಆದ್ರೂ ಬರ್ತಾರೇನೋ ಅಂತ ತಂದೆ. ಬಂದರು. ಆದ್ರ ಬಂದ ಕುಂತ ನಿಮ್ಮ ಮಾತ ಆಡ್ತಾರ. ಹಿರ್ಯಾಕಿ ಪಲ್ಲೆ ಹಿಂಗ ಮಾಡ್ತಾಳ, ಹಿರ್ಯಾಕಿ ತ್ವಾಟಾ ಹಂಗ ನೋಡ್ತಾಳ."

ಇದನ್ನು ಕೇಳಿ ನನಗೆ ಮೊದಲು ಆದದ್ದು ಸಂತೋಷ. ಮುಚ್ಚಿಡುವುದೇಕೆ? ಗೋಡೆಯಾಚೆ ಕೂತರೂ ಅತ್ತೆಯ ಬಾಯಲ್ಲಿ ನಾನೇ ಇದ್ದೆ. ಆಮೇಲೆ ಅವಳ ಕೈ ನೋಡಿದೆ. ಮೊಳಕೈವರೆಗೆ ಕಂದು ರಾಡಿ, ಬೆರಳ ಸಂದಿನಲ್ಲಿ ಇನ್ನೂ ಜೋಳದ ಹಿಟ್ಟು. ಇಷ್ಟು ವರ್ಷ ನಾವು ಇಲ್ಲಿ ನಕ್ಕಿದ್ದು ಅಲ್ಲಿಗೆ ಕೇಳಿಸುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಚಹಾ ಮಾಡಿ ಕೊಟ್ಟೆ.

ಮೂರು ವಾರ ಕಾದೆ. ಈ ಸಲ ಅವಳು ಹೇಳಿದಂತೆಯೇ ಕೇಳಿದೆ. ನೀರು ತಿಳಿಯಾಯಿತು. ಬೊಡ್ಡೆಗೆ ಕಟ್ಟಿದ ಗಿಡ ಸುರುಳಿ ಬಿಚ್ಚಿ ಹೊಸ ಎಲೆ ಬಿಟ್ಟಿತು. ಅವಳ ಬಕೆಟ್ಟಿನಿಂದ ನನ್ನ ಮೂರು ಗಪ್ಪಿ ವಾಪಸು ಬಂದವು. ಅದರಲ್ಲಿ ಒಂದು ಮರಿ ಹಾಕಿತು. ನನಗೆ ತೊಟ್ಟಿಯ ಹುಚ್ಚು ಹಿಡಿಯಿತು. ಸಂಜೆ ಐದಾದರೆ ಸಾಕು, ಕೊಳೆತ ಎಲೆ ಕತ್ತರಿಸುವುದು, ಗಾಜಿಗೆ ಹಿಡಿದ ಪಾಚಿ ಕೆರೆಯುವುದು, ಪೈಪಿನಿಂದ ನೀರು ಎಳೆಯುವುದು. ಮೊಳಕೈವರೆಗೆ ಕೈ ನೀರಿನಲ್ಲಿ. ಅತ್ತೆ ಹಿಂದೆ ಮೆತ್ತೆಯ ಮೇಲೆ ಕೂತು ಏನೋ ಹೇಳುತ್ತಿದ್ದರು. ನಾನು "ಹೂಂ" ಎನ್ನುತ್ತಿದ್ದೆ. ಸೋಸುವ ಪಲ್ಲೆಯನ್ನು ಮಧ್ಯಾಹ್ನವೇ ನಾನೊಬ್ಬಳೇ ಸೋಸಿಡತೊಡಗಿದೆ, ಸಂಜೆಗೆ ಬಿಡುವಾಗಲೆಂದು.

ಒಂದು ಸಂಜೆ ಹಿಂದಕ್ಕೆ ತಿರುಗಿದರೆ ಮೆತ್ತೆ ಖಾಲಿಯಿತ್ತು. ಮರುದಿನವೂ ಖಾಲಿ. ಹಳೆಯ ಉರಿ ಮತ್ತೆ ಹೊತ್ತಿಕೊಂಡಿತು. ಇಷ್ಟು ಮಾಡಿದರೂ ಅಲ್ಲಿಗೇ ಹೋಗುತ್ತಾರಲ್ಲ ಎಂದು ಒದ್ದೆ ಕೈಯಲ್ಲೇ ಅಂಗಳಕ್ಕೆ ಇಳಿದೆ. ಅದೇ ಹೊತ್ತಿಗೆ ಆಚೆಯ ಬಾಗಿಲಿನಿಂದ ನೆಗೆಣ್ಣಿಯೂ ಬಂದಳು. ಅವಳ ಮುಖವೂ ಊದಿತ್ತು.

"ಅತ್ತಿ ನಿಮ್ಮ ಕಡೆ ಇಲ್ಲೇನ್ರಿ?"

"ನಿನ್ನ ಕಡೆ ಇಲ್ಲೇನ?"

ಎದುರುಮನೆಯಿಂದ ನಗು ಕೇಳಿಸಿತು. ಇಬ್ಬರೂ ಹೋಗಿ ನೋಡಿದೆವು. ಭಾಭಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬ್ಲೌಸುಗಳ ರಾಶಿ, ಕೈಯಲ್ಲಿ ಸೂಜಿ. ಒಂದೊಂದಕ್ಕೇ ಹುಕ್ಕು ಹಚ್ಚುತ್ತಾ, ಮಾವ ಎತ್ತು ಕೊಳ್ಳುವ ನೆವದಲ್ಲಿ ಸತ್ತಿಗೆ ಬಂದ ಕತೆ ಹೇಳುತ್ತಿದ್ದರು. ನನ್ನ ಕತೆ. ಭಾಭಿ ಯಂತ್ರ ತುಳಿಯುವುದನ್ನೂ ಬಿಟ್ಟು ಕೇಳುತ್ತಿದ್ದಳು.

"ಅಮ್ಮಾ ಹಚ್ಚಿದ ಹುಕ್ಕ ಭಾಳ ಘಟ್ಟ ಇರ್ತಾವ್ರಿ," ಎಂದಳು ನಮ್ಮನ್ನು ಕಂಡು.

"ಅತ್ತಿ, ಮನ್ಯಾಗ ಎರಡೆರಡ ತೊಟ್ಟಿ ಇದ್ದರೂ ಇಲ್ಲಿ ಬಂದ ಕುಂತೀರಲ್ರಿ?" ಎಂದೆ.

ಅತ್ತೆ ಸೂಜಿಯಿಂದ ತಲೆ ಎತ್ತಲಿಲ್ಲ. "ಎಷ್ಟಂತ ಮೀನ ನೋಡ್ಲಿ ಬೇ? ನೀವ ಮೀನ ನೋಡ್ತೀರಿ, ನಾ ನಿಮ್ಮ ಬೆನ್ನ ನೋಡ್ತೀನಿ. ಇಕಿ ನನ್ನ ಕೈಯಾಗ ಕೆಲಸಾ ಕೊಡ್ತಾಳ, ಮಾತ ಕೇಳ್ತಾಳ."

ನಾವಿಬ್ಬರೂ ಮನೆಯ ದಾರಿ ಹಿಡಿದೆವು. ದಾರಿಯೆಂದರೆ ಹದಿನೈದು ಹೆಜ್ಜೆ. ಅಂಗಳದಲ್ಲಿ ನಿಂತು ಅವಳು ಮೆಲ್ಲಗೆ ಕೇಳಿದಳು, "ಅಕ್ಕಾ, ನೀವು ಮೆಂತೆಪಲ್ಲೆ ದಿನಾ ಎಷ್ಟ ಕಟ್ಟ ಸೋಸತಿದ್ರಿ?"

"ನಾಕು," ಎಂದೆ. ಅವಳ ಸ್ಪಂಜಿನ ಋಣ ಇತ್ತಲ್ಲ, ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮರುದಿನ ಅಥಣಿಯ ಸಂತೆ. ಬೆಳಿಗ್ಗೆ ಎದ್ದವಳೇ ಚೀಲ ಹಿಡಿದು ಹೊರಟೆ. ನಾನು ಯಾವಾಗಲೂ ಮೆಂತೆಪಲ್ಲೆ ಕೊಳ್ಳುವ ಮುದುಕಿಯ ಬುಟ್ಟಿ ಖಾಲಿಯಾಗಿತ್ತು. ಪಕ್ಕದವಳದೂ ಖಾಲಿ.

"ಈಗರೇ ನಿಮ್ಮ ಮನೀ ಸಣ್ಣಾಕಿ ಬಂದ ಎಲ್ಲಾ ಒಯ್ದಳಲ್ಲವ್ವಾ," ಎಂದಳು ಮುದುಕಿ. "ಮನ್ಯಾಗ ಏನ ಕಾರ್ಯಕ್ರಮ ಐತೇನ?"

ನಾನು ಮುಂದಿನ ಸಾಲಿಗೆ ಹೋಗಿ ಎರಡು ಕಿಲೋ ಬಳ್ಳೊಳ್ಳಿ ಕೊಂಡೆ. ದಪ್ಪ ಎಸಳಿನದಲ್ಲ, ಸಣ್ಣದು. ಇಬ್ಬರು ಕೂತು ಸುಲಿದರೂ ಬಹಳ ಹೊತ್ತು ಹಿಡಿಯುತ್ತದೆ.